ನೇಕಾರ ಆಡದ ಮಾತು

ರಬಕವಿ-ಬನಹಟ್ಟಿಯ ನೇಕಾರಿಕೆ ಕುರಿತು ಒಂದು ಸಂಶೋಧನಾ ಲೇಖನ ಬರೆದುಕೊಡು ಎಂದರೆ ಚಾಟ್‌ಜಿಪಿಟಿ ಇಲ್ಲವೆನ್ನುವುದಿಲ್ಲ. ಪೀಠಿಕೆಯಿಂದ ಉಪಸಂಹಾರದವರೆಗೆ ನಿಮಿಷದೊಳಗೆ ಸಿದ್ಧ. ಕೇಳಿದರೆ, ನಲವತ್ತೈದು ವರ್ಷದ ನೇಕಾರರೊಬ್ಬರು ನೂಲಿನ ದರದ ಬಗ್ಗೆ ತೋಡಿಕೊಂಡ ಅಳಲೂ ಉದ್ಧರಣ ಚಿಹ್ನೆಯೊಳಗೆ ಬಂದು ಕೂರುತ್ತದೆ. ಆ ನೇಕಾರ ಯಾವ ಓಣಿಯಲ್ಲೂ ಇಲ್ಲ. ಅಡಿಟಿಪ್ಪಣಿಯ ಕಥೆಯೂ ಹಲವು ಸಲ ಹೀಗೇ: ಪತ್ರಿಕೆಯ ಹೆಸರು ನಿಜ, ಲೇಖಕರ ಹೆಸರು ನಂಬುವಂಥದ್ದು, ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲ ಉಂಟು, ಸಂಚಿಕೆ ತೆರೆದರೆ ಆ ಪುಟದಲ್ಲಿ ಬೇರೆ ಯಾರದೋ ಬೇರೆ ಲೇಖನ. ಯಂತ್ರಕ್ಕೆ ಮೋಸ ಮಾಡುವ ಮನಸ್ಸೇನೂ ಇಲ್ಲ. ಮುಂದೆ ಯಾವ ಪದ ಬಂದೀತು ಎಂದು ಲೆಕ್ಕ ಹಾಕುವುದು ಅದರ ಕೆಲಸ. ಅಂತರ್ಜಾಲದಲ್ಲಿ ಹೇರಳವಾಗಿರುವ ವಿಷಯದಲ್ಲಿ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಮಗ್ಗದ ಮನೆಯಲ್ಲಿ ಮಾತ್ರ ಸಿಗುವ ಸಂಗತಿ ಕೇಳಿದರೆ ಗುಳೇದಗುಡ್ಡದ ಖಣದ ವಿವರವನ್ನು ಬನಹಟ್ಟಿಗೆ ಅಂಟಿಸೀತು. ವಾಕ್ಯ ಯಾರದಾದರೂ ಆಗಲಿ, ಸಾಕ್ಷ್ಯ ಸಂಶೋಧಕರದೇ ಆಗಿರಬೇಕು. ನಮ್ಮ ನಿಯಮಗಳು ಮಾತ್ರ ಇನ್ನೂ ವಾಕ್ಯದ ಬೆನ್ನು ಹತ್ತಿವೆ.

ಜಗತ್ತಿನ ದೊಡ್ಡ ಪ್ರಕಾಶಕರು ಬೇಗನೆ ಎಚ್ಚೆತ್ತರು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. 2023ರ ಜನವರಿಯಲ್ಲೇ ‘ನೇಚರ್’ ಪತ್ರಿಕೆ, ಯಂತ್ರವನ್ನು ಲೇಖಕನೆಂದು ಒಪ್ಪುವುದಿಲ್ಲ, ಬಳಸಿದ್ದರೆ ಹೇಳಬೇಕು ಎಂದಿತು. ತಪ್ಪಿಗೆ ಹೊಣೆ ಹೊರಲಾಗದ್ದು ಲೇಖಕನಾಗದು ಎಂಬ ತರ್ಕ ಗಟ್ಟಿಯಾದದ್ದೇ. ಆದರೆ ಬರೀ ಹೇಳಿಕೊಂಡರೆ ಸಾಕೆ? 2024ರ ಫೆಬ್ರುವರಿಯಲ್ಲಿ ‘ಫ್ರಾಂಟಿಯರ್ಸ್’ ಸಮೂಹದ ಜೀವಕೋಶ ವಿಜ್ಞಾನದ ಪತ್ರಿಕೆಯಲ್ಲಿ ಒಂದು ಇಲಿಯ ಚಿತ್ರ ಅಚ್ಚಾಯಿತು. ಅಂಗಗಳ ಅಳತೆ ಹಾಸ್ಯಾಸ್ಪದ, ಪಕ್ಕದ ಹೆಸರುಗಳಲ್ಲಿ ಹಲವು ಯಾವ ಭಾಷೆಗೂ ಸೇರದವು. ಮಿಡ್‌ಜರ್ನಿ ಎಂಬ ಚಿತ್ರ ಬರೆಯುವ ಯಂತ್ರದಿಂದ ಮಾಡಿಸಿದ ಚಿತ್ರ ಎಂದು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಆದರೂ ಲೇಖನ ಪರಿಶೀಲನೆ ದಾಟಿ ಅಚ್ಚಿಗೆ ಹೋಗಿಬಿಟ್ಟಿತು. ಓದುಗರು ನಕ್ಕ ಮೇಲೆ ಲೇಖನ ವಾಪಸಾಯಿತು. ಇಲಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಸಿಕ್ಕಿಬಿತ್ತು. ಜಮಖಂಡಿ ಸಂಸ್ಥಾನದ ಕಂದಾಯದ ಬಗ್ಗೆಯೋ ಮುಧೋಳದ ಶಾಸನವೊಂದರ ಬಗ್ಗೆಯೋ ಯಂತ್ರ ಕಟ್ಟಿದ ಸಾಲನ್ನು ಹಿಡಿಯಬಲ್ಲವರು ಬೆರಳೆಣಿಕೆಯಷ್ಟು ಜನ.

ಹಾಗಾದರೆ ಯಂತ್ರವನ್ನೇ ಹೊರಗಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಇದರಲ್ಲಿ ಅನ್ಯಾಯವಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಸಂಶೋಧಕಿ ಆರು ತಿಂಗಳು ಮಗ್ಗದ ಮನೆಗಳಿಗೆ ಅಲೆದು ಕೂಲಿಯ ಲೆಕ್ಕ ಬರೆದುಕೊಂಡು ಬಂದರೂ, ಇಂಗ್ಲಿಷ್ ಸೊರಗಿದೆ ಎಂಬ ಕಾರಣಕ್ಕೆ ಲೇಖನ ತಿರಸ್ಕೃತವಾಗಬಹುದು. ಹಣವಿದ್ದವರು ಇಷ್ಟು ದಿನ ಭಾಷೆ ತಿದ್ದಿಸಲು ದುಡ್ಡು ಕೊಡುತ್ತಿದ್ದರು. ಅದೇ ಕೆಲಸ ಈಗ ಫೋನಿನಲ್ಲಿ ಆಗುತ್ತದಾದರೆ ಆಕೆಗೇಕೆ ಬೇಡ? ಆಕೆಯ ಅಂಕಿ ಆಕೆಯದು. ತಿದ್ದಿಸುವ ಭರದಲ್ಲಿ ನೇಕಾರರ ಹೆಸರು, ಸಾಲದ ಮೊತ್ತ ಇರುವ ಕಡತವನ್ನು ಯಂತ್ರಕ್ಕೆ ಒಪ್ಪಿಸಬಾರದು, ಅಷ್ಟೆ. ಸಾಲದ ಮಾತನ್ನು ಅವರು ಹೇಳಿದ್ದು ಎದುರು ಕೂತ ಮನುಷ್ಯರಿಗೆ.

ಯಂತ್ರದ ಬರಹವನ್ನು ಪತ್ತೆಹಚ್ಚುವ ತಂತ್ರಾಂಶ ಇದೆಯಲ್ಲ ಎಂಬ ಮಾತೂ ಬರುತ್ತದೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಅಂಥ ಏಳು ತಂತ್ರಾಂಶ ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಕೈಯಾರೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಅವು ಯಂತ್ರದ ಬರಹವೆಂದವು. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಅದೇ ವರ್ಷ ಜುಲೈನಲ್ಲಿ ಹಿಂತೆಗೆದುಕೊಂಡಿತು. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮವಂತೂ ಹೋಲಿಕೆಯ ಶೇಕಡಾವಾರು ನೋಡುತ್ತದೆ. ಶೇ 10ರವರೆಗೆ ದಂಡವಿಲ್ಲ. ಯಂತ್ರ ಹೆಣೆದ ಸುಳ್ಳು ಎಲ್ಲಿಂದಲೂ ನಕಲಾದದ್ದಲ್ಲ, ಆ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತದೆ. 

2025ರಲ್ಲಿ ಯುಜಿಸಿ ಮಾನ್ಯ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನೂ ಕೈಬಿಟ್ಟಿದೆ. ಯಾವ ಪತ್ರಿಕೆ ನಂಬಿಗಸ್ತ ಎಂದು ತೀರ್ಮಾನಿಸುವ ಹೊಣೆ ಈಗ ವಿಶ್ವವಿದ್ಯಾಲಯಗಳದೇ. ಜಮಖಂಡಿಯಲ್ಲಿರುವ ಬಾಗಲಕೋಟೆ ವಿಶ್ವವಿದ್ಯಾಲಯದಂಥ ಎಳೆಯ ಸಂಸ್ಥೆಗೆ ಇದು ಭಾರವೆನಿಸಬಹುದು, ಆದರೆ ಹಳೆಯ ಅಭ್ಯಾಸಗಳ ಕಾಟ ಅದಕ್ಕೆ ಕಡಿಮೆ. ಮಹಾಪ್ರಬಂಧದ ಜತೆ ಕ್ಷೇತ್ರಕಾರ್ಯದ ನೋಟ್‌ಬುಕ್ಕು, ಧ್ವನಿಮುದ್ರಣ, ಕಡತದ ಛಾಯಾಪ್ರತಿಯನ್ನೂ ಹೆಸರು ಮರೆಮಾಡಿ ಗ್ರಂಥಾಲಯಕ್ಕೆ ಒಪ್ಪಿಸಬೇಕು ಎಂದು ನಿಯಮ ಮಾಡಲಿ. ಯಂತ್ರದಿಂದ ಏನು ಮಾಡಿಸಿದ್ದು, ಭಾಷೆಯೋ ಅನುವಾದವೋ ಕೋಷ್ಟಕವೋ ಎಂದು ಒಂದು ಪುಟ ಬರೆಸಲಿ. ಮೌಖಿಕ ಪರೀಕ್ಷೆಗೆ ಮುನ್ನ ಮಾರ್ಗದರ್ಶಕರು ಹತ್ತು ಅಡಿಟಿಪ್ಪಣಿ ಆರಿಸಿ, ಮೂಲದ ಪುಟ ತಂದು ತೋರಿಸು ಎನ್ನಲಿ. ಇಷ್ಟೆಲ್ಲ ನೋಡಲು ಮಾರ್ಗದರ್ಶಕರಿಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಪ್ರಾಧ್ಯಾಪಕರೊಬ್ಬರು ಎಂಟು ಮಂದಿ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು ಎಂದಷ್ಟೇ ಯುಜಿಸಿ ಹೇಳಿದೆ. ಎಂಟೂ ತುಂಬಲೇಬೇಕೆಂದು ಎಲ್ಲೂ ಹೇಳಿಲ್ಲ.