ಹಸಿರುಮನೆಗೆ ಮುಂಗಡ ಕೊಡುವ ಮುನ್ನ

ನೆಲದಾಳದ ಉಷ್ಣತೆಯಿಂದ ವರ್ಷವಿಡೀ ಬೆಳೆ ತೆಗೆಯುವ ಹಸಿರುಮನೆಯ ಕೊಟೇಷನ್ ಒಂದನ್ನು ವ್ಯಾಪಾರಿ ಮಿತ್ರರೊಬ್ಬರು ನನ್ನ ಮುಂದಿರಿಸಿದರು. ಮುಂಗಡಕ್ಕಾಗಿ ಮನೆಯನ್ನೇ ಅಡವಿಡಲು ಅವರು ಸಿದ್ಧರಿದ್ದರು.

ಕೆಲವು ಮೀಟರ್ ಆಳದ ಮಣ್ಣಿನ ಉಷ್ಣತೆಯು ಆಯಾ ಊರಿನ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಹಿಮ ಬೀಳುವ ದೇಶಗಳಿಗೆ ಅದು ವರದಾನ. ಪುತ್ತೂರು, ಸುಳ್ಯ, ಕಡಬಗಳಲ್ಲಾದರೋ ನೆಲವೂ ಗಾಳಿಯೂ ಬಹುತೇಕ ಒಂದೇ ಸಮನೆ ಬೆಚ್ಚಗಿರುತ್ತವೆ. ಕೊಳವೆ ಹೂಳಿ ಪಡೆಯುವುದೇನು? ನಮ್ಮನ್ನು ಕಾಡುವುದು ಚಳಿಯಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ತೇವ ಮತ್ತು ಬೆಳಕಿನ ಕೊರತೆ. ಅದಕ್ಕೆ ಗಾಳಿಯಾಡುವ ಎತ್ತರದ ಪಾಲಿಹೌಸ್ ಸಾಕು.

ಸವಕಳಿ ತೋರಿಸಿ ಅಂಗಡಿಯ ತೆರಿಗೆ ಇಳಿಸಬಹುದೆಂಬ ಅವರ ಎಣಿಕೆಯೂ ತಪ್ಪು. ಕೃಷಿ ಆದಾಯವು ಕೇಂದ್ರದ ಆದಾಯ ತೆರಿಗೆಯಿಂದ ಮುಕ್ತ; ಆದುದರಿಂದಲೇ ಅದಕ್ಕೆ ತಗಲಿದ ವೆಚ್ಚವನ್ನಾಗಲಿ ಸವಕಳಿಯನ್ನಾಗಲಿ ವ್ಯಾಪಾರದ ಲಾಭದಿಂದ ಕಳೆಯಲಾಗದು. ನರ್ಸರಿಯ ಸಸಿಗಳ ಆದಾಯವೂ 2008ರ ಹಣಕಾಸು ಕಾಯ್ದೆಯ ತಿದ್ದುಪಡಿಯಂತೆ ಕೃಷಿ ಆದಾಯವೇ. ಇನ್ನು ಸಹಾಯಧನ ಕೈಸೇರುವುದು ಕಾಮಗಾರಿ ಮುಗಿದು ತಪಾಸಣೆಯಾದ ಬಳಿಕ. ಅಲ್ಲಿಯವರೆಗಿನ ಬಡ್ಡಿಯನ್ನೂ, ಕೆಲವೇ ವರ್ಷಗಳಲ್ಲಿ ಬದಲಿಸಬೇಕಾದ ಪ್ಲಾಸ್ಟಿಕ್ ಹಾಳೆಯ ಬೆಲೆಯನ್ನೂ ಯಾವ ಮಾರಾಟಗಾರನೂ ಕೊಟೇಷನ್ನಿನಲ್ಲಿ ಬರೆಯುವುದಿಲ್ಲ.

ಅಡಿಕೆ ಒಣಗಿಸಲು ಅವರ ಅಂಗಳದಲ್ಲಿ ಹಾಕಿರುವ ಪ್ಲಾಸ್ಟಿಕ್ ಮಾಡು ಮಳೆಗಾಲದಲ್ಲಿ ಬರಿದಾಗಿರುತ್ತದೆ. ಒಂದು ವರ್ಷ ಅದರಡಿಯಲ್ಲಿಯೇ ಸಸಿ ಬೆಳೆಸಿ ನೋಡಿರೆಂದು ಹೇಳಿ, ಕೊಟೇಷನ್ನನ್ನು ಮಡಚಿ ಹಿಂದಿರುಗಿಸಿದೆ.