ಮೊಮ್ಮಗನ ಗಾಳದ ಕೋಲು

ಪುಣೆಯ ಹಿರಿಯ ಸದಸ್ಯರೊಬ್ಬರು ಈ ಸಲ ಕೇಳಿರುವ ಪ್ರಶ್ನೆ ನಮ್ಮ ಅಂಕಣಕ್ಕೆ ಹೊಸದು. ಬಾಡಿಗೆ ಮನೆ, ಮಕ್ಕಳ ಕನ್ನಡ, ಹಪ್ಪಳ ಸಂಡಿಗೆ ಇವುಗಳ ವಿಚಾರ ಬೇಕಾದಷ್ಟು ಬರೆದಿದ್ದೇವೆ. ಗಾಳದ ಕೋಲಿನ ವಿಚಾರ ಬರೆದದ್ದಿಲ್ಲ. ಇವರ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದಾನೆ. ದಂಪತಿಗಳು ಬರುವ ಬೇಸಗೆಯಲ್ಲಿ ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಡುವವರಿದ್ದಾರೆ. ಹನ್ನೊಂದು ವರ್ಷದ ಮೊಮ್ಮಗ ಫೋನಿನಲ್ಲಿ ಅಜ್ಜನಿಗೆ ‘ಹೂಂ’, ‘ಇಲ್ಲ’ ಇವೆರಡರಾಚೆಗೆ ಏನೂ ಹೇಳುವುದಿಲ್ಲವಂತೆ. ಬಾಸ್ ಮೀನಿನ ಮಾತು ಬಂತೆಂದರೆ ಮಾತ್ರ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಅಜ್ಜ ಅವನಿಗೊಂದು ಕೋಲು ಕೊಡಿಸಬೇಕೆಂದಿದ್ದಾರೆ. ಮಗ ಎರಡರ ವಿವರ ಕಳಿಸಿದ್ದಾನೆ, ಎರಡೂ ಹಗುರವಾದವೇ ಎಂದಿದ್ದಾನೆ. ಐದೂವರೆ ಅಡಿಯದರ ಮೇಲೆ ‘ಲೈಟ್’ ಎಂದೂ ಆರೂವರೆ ಅಡಿಯದರ ಮೇಲೆ ‘ಮೀಡಿಯಂ’ ಎಂದೂ ಅಚ್ಚಾಗಿದೆ. “ಎಳೆಯ ಕೈಗೆ ಲೈಟೇ ಸರಿಯಲ್ಲವೆ?” ಎಂಬುದು ಅವರ ಪ್ರಶ್ನೆ. ಕೊನೆಯಲ್ಲಿ ಇನ್ನೊಂದು ಸಾಲು: “ನಮ್ಮ ಮನೆಯವಳಿಗೆ ಇದು ಒಪ್ಪಿಗೆಯಿಲ್ಲ. ತಿನ್ನದ ಪ್ರಾಣಿಯನ್ನು ಚುಚ್ಚುವುದೇಕೆ ಅನ್ನುತ್ತಾಳೆ.”

ಮೊದಲನೆಯದಕ್ಕೆ ನಮ್ಮ ಉತ್ತರ, ಅಲ್ಲ ಎಂದೇ. ಕೋಲಿನ ಮೇಲಿನ ‘ಲೈಟ್’ ಎಂಬ ಮಾತು ತೂಕವನ್ನು ಹೇಳುವುದಲ್ಲ, ಬಲವನ್ನು ಹೇಳುವುದು. ಎಷ್ಟು ಭಾರಕ್ಕೆ ಕೋಲು ಬಾಗುತ್ತದೆ ಎಂಬ ಲೆಕ್ಕ ಅದು. ‘ಮೀಡಿಯಂ’ ಎಂದು ಅಚ್ಚಾದ ಕೋಲು ತಕ್ಕಡಿಯಲ್ಲಿ ‘ಲೈಟ್’ ಕೋಲಿಗಿಂತ ಹಗುರವಾಗಿರುವುದೂ ಉಂಟು. ಎರಡು ಬೇರೆ ಸಂಗತಿಗಳಿಗೆ ಒಂದೇ ಮಾತು ಬಳಸಿ ಅಂಗಡಿಯವರು ಗಿರಾಕಿಗಳನ್ನು ತಬ್ಬಿಬ್ಬು ಮಾಡುತ್ತಾರೆ.

ಹಿಡಿಯ ಮೇಲ್ಭಾಗದಲ್ಲಿ ಸಣ್ಣಕ್ಷರದಲ್ಲಿ ಇನ್ನೆರಡು ಅಂಕಿಗಳಿರುತ್ತವೆ; ಓದಬೇಕಾದದ್ದು ಅವನ್ನು. ಸಾಮಾನ್ಯವಾಗಿ ‘ಲೈಟ್’ ಕೋಲಿಗೆ 4ರಿಂದ 8 ಪೌಂಡು ತಡೆಯುವ ದಾರ, ಸುಮಾರು 2ರಿಂದ 7 ಗ್ರಾಮಿನ ಹುಸಿ ಮೇವು. ‘ಮೀಡಿಯಂ’ ಕೋಲಿಗೆ 6ರಿಂದ 12 ಪೌಂಡಿನ ದಾರ, 7ರಿಂದ 17 ಗ್ರಾಮಿನ ಮೇವು. ಹುಸಿ ಮೇವೆಂದರೆ ರಬ್ಬರಿನಂಥ ಹುಳುವೋ ಬಣ್ಣ ಬಳಿದ ಮರಿಮೀನೋ ಆಗಿರುತ್ತದೆ. ಕೋಲಿನ ಬಲಕ್ಕೆ ಮೀರಿದ ಮೇವನ್ನು ಬೀಸಿದರೆ ತುದಿ ಸೋಲುತ್ತದೆ. ತೀರ ಕಡಮೆಯದನ್ನು ಬೀಸಿದರೆ ಕೋಲು ಬಾಗುವುದೇ ಇಲ್ಲ, ಮೇವು ನಾಲ್ಕು ಮಾರು ದೂರ ಹೋಗಿ ಬೀಳುತ್ತದೆ.

ಇನ್ನು ಮೀನಿನ ಸ್ವಭಾವ. ಹುಡುಗ ಹೇಳುವುದು ದೊಡ್ಡ ಬಾಯಿಯ ‘ಲಾರ್ಜ್‌ಮೌತ್’ ಬಾಸ್ ಇರಬೇಕು. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬವರು ಹಿಡಿದದ್ದು 22 ಪೌಂಡು 4 ಔನ್ಸು, ಅಂದರೆ ಸುಮಾರು ಹತ್ತು ಕಿಲೊ ತೂಗಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವರು ಅದನ್ನು ಸರಿಗಟ್ಟಿದರು. ಹುಡುಗನಿಗೆ ಸಿಕ್ಕುವುದು ಒಂದು ಕಿಲೊ ಆಸುಪಾಸಿನದು. ಬಯಲು ನೀರಿನಲ್ಲಾದರೆ ‘ಲೈಟ್’ ಕೋಲೇ ಅದಕ್ಕೆ ಸಾಕು. ಆದರೆ ಬಾಸ್ ಬಯಲಿನಲ್ಲಿ ನಿಲ್ಲುವ ಮೀನಲ್ಲ. ಜೊಂಡು, ತಾವರೆಯೆಲೆ, ಮುಳುಗಿದ ಮರದ ಬೊಡ್ಡೆ, ಇವುಗಳ ಮರೆಯಲ್ಲಿ ಹೊಂಚಿರುತ್ತದೆ. ಗಾಳ ಕಚ್ಚಿದೊಡನೆ ಮತ್ತೆ ಅಲ್ಲಿಗೇ ನುಗ್ಗುತ್ತದೆ. ಅದನ್ನು ಹೊರಗೆ ತಿರುಗಿಸುವಷ್ಟು ಕಸುವು ಕೋಲಿಗೆ ಬೇಕು. ಇಲ್ಲವಾದರೆ ದಾರ ಸುತ್ತಿಕೊಂಡು ಹರಿಯುತ್ತದೆ, ಮೀನು ಬಾಯಲ್ಲಿ ಕೊಕ್ಕೆಯೊಡನೆ ಹೋಗುತ್ತದೆ.

ಆ ತಾಯಿಯ ಆಕ್ಷೇಪವೂ ಇಲ್ಲಿಯೇ ಬಂದು ಸೇರುತ್ತದೆ. ಬಾಸ್ ಹಿಡಿಯುವವರಲ್ಲಿ ಬಹಳ ಮಂದಿ ಅದನ್ನು ತಿನ್ನುವುದಿಲ್ಲ, ಮರಳಿ ನೀರಿಗೆ ಬಿಡುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಈ ರೂಢಿಯನ್ನು 1972ರಲ್ಲಿ ತಂದವರು ರೇ ಸ್ಕಾಟ್. ಹಾಗೆಂದು ಬಿಟ್ಟ ಮೀನೆಲ್ಲ ಬದುಕುತ್ತದೆಂದು ತಿಳಿಯಬಾರದು. ಟೆಕ್ಸಾಸಿನ ಬೇಸಗೆಯಲ್ಲಿ ನೀರು ಕಾದು ಅದರಲ್ಲಿ ಆಮ್ಲಜನಕ ಕಡಮೆಯಾಗಿರುತ್ತದೆ. ಬಲ ಸಾಲದ ಕೋಲಿನಿಂದ ಬಹಳ ಹೊತ್ತು ಆಡಿಸಿ ದಣಿಸಿದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಚುಚ್ಚುವುದೇಕೆ ಎಂಬ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಆ ಮನೆಯಲ್ಲಿ ಅದನ್ನು ಮೊಮ್ಮಗನೊಡನೆ ಅಜ್ಜಿಯೇ ಮಾತನಾಡಲಿ. ಅವನು ಹೇಗೂ ಗಾಳ ಹಾಕುವವನೇ ಆದರೆ, ಬೇಗ ದಡ ಸೇರಿಸುವ ಕೋಲು, ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದ ಕೊಕ್ಕೆ, ಮೀನು ಮುಟ್ಟುವ ಮುನ್ನ ಒದ್ದೆಮಾಡಿದ ಕೈ, ಇಷ್ಟು ಇರಲಿ.

ಆದಕಾರಣ ‘ಮೀಡಿಯಂ’ ಕೋಲನ್ನೇ ಕೊಳ್ಳಿ ಎನ್ನುತ್ತೇವೆ. ಹಿತ್ತಲ ಕುಂಟೆಯಲ್ಲಿ ಅಂಗೈಯಗಲದ ಬ್ಲೂಗಿಲ್ ಮೀನು ಹಿಡಿಯುವ ಆರು ವರ್ಷದ ಮಗುವಾಗಿದ್ದರೆ ಇನ್ನೊಂದನ್ನು ಹೇಳುತ್ತಿದ್ದೆವು.

ಹಾಗಾದರೆ ತೂಕ? ಅದೂ ಬೇಕು, ಕೋಲೊಂದರದೇ ಅಲ್ಲ. ಈಚಿನ ಕೋಲು ನೂರು ನೂರಿಪ್ಪತ್ತು ಗ್ರಾಂ ಇದ್ದರೆ ಅದಕ್ಕೆ ಕಟ್ಟುವ ರೀಲು ಇನ್ನೂರು ಇನ್ನೂರೈವತ್ತು ಗ್ರಾಂ ತೂಗುತ್ತದೆ. ಹತ್ತು ಗ್ರಾಂ ಉಳಿಸಲು ಎರಡರಷ್ಟು ಹಣ ತೆರುವುದು ನಮಗೆ ದಂಡವೆಂದು ತೋರುತ್ತದೆ. ಇಲ್ಲಿಂದ ಒಯ್ಯಬೇಡಿ, ಅಲ್ಲಿಯ ಅಂಗಡಿಗೆ ಹುಡುಗನನ್ನೇ ಕರೆದುಕೊಂಡು ಹೋಗಿ. ರೀಲು ಕೂರಿಸಿ, ಅದರ ತುಸು ಮುಂದೆ ಹಿಡಿಯ ಕೆಳಗೆ ಒಂದು ಬೆರಳಿಟ್ಟು ಕೋಲನ್ನು ನಿಲ್ಲಿಸಿ ನೋಡಿ. ತುದಿ ತಟ್ಟನೆ ಕುಸಿದರೆ ದಿನವಿಡೀ ಅದನ್ನು ಎತ್ತಿ ಹಿಡಿಯುವ ಕೆಲಸ ಮಣಿಕಟ್ಟಿನದಾಗುತ್ತದೆ. ಹಿಡಿಯ ಬುಡ ಮೊಣಕೈಗೆ ತಾಕುತ್ತದೆಯೇ ಎಂಬುದನ್ನೂ ನೋಡಿ. ರೀಲು ಕೋಲಿನ ಕೆಳಗೆ ತೂಗುವ ಬಗೆಯದಿರಲಿ. ಮೇಲೆ ಕೂರುವ ಬಗೆಯದರಲ್ಲಿ ಹೆಬ್ಬೆರಳಿನ ಹದ ತಿಳಿಯುವ ತನಕ ದಾರ ಗೀಜಗನ ಗೂಡಾಗುತ್ತದೆ.

ಪತ್ರ ಬರೆದವರು ತಮ್ಮ ಬಾಲ್ಯದ ಬಿದಿರುಕೋಲನ್ನೂ ಎರೆಹುಳುವನ್ನೂ ನೆನೆದಿದ್ದಾರೆ. ಅಮೆರಿಕದಲ್ಲೂ ಒಂದು ಕಾಲಕ್ಕೆ ಒಳ್ಳೆಯ ಕೋಲೆಂದರೆ ಚೀನಾದ ಬಿದಿರಿನದೇ. ಬಳಿಕ ಗಾಜಿನ ನಾರು ಬಂತು, 1970ರ ದಶಕದಲ್ಲಿ ಕಾರ್ಬನ್. ಕಾರ್ಬನ್ ಹೆಚ್ಚು ಹಗುರವಾದಷ್ಟೂ ಪೆಟ್ಟಿಗೆ ಅಂಜುತ್ತದೆ; ಕಲ್ಲಿಗೆ ತಗಲಿದ ಸಣ್ಣ ಗಾಯ ಮುಂದೆ ಮೀನು ಎಳೆಯುವಾಗ ಮುರಿತವಾಗುತ್ತದೆ. ಕಾರಿನ ಬಾಗಿಲಿಗೆ ಸಿಕ್ಕಿ ಸತ್ತ ಕೋಲುಗಳಂತೂ ಲೆಕ್ಕವಿಲ್ಲ. ಹುಡುಗನ ಕೈಗೆ ಮಧ್ಯಮ ದರ್ಜೆಯ ಕಾರ್ಬನ್, ಇಲ್ಲವೆ ಕಾರ್ಬನ್ನೂ ಗಾಜೂ ಕೂಡಿದ್ದು ಲೇಸು. ಬಿದಿರಿನಲ್ಲಿಲ್ಲದ ಅಪಾಯ ಒಂದುಂಟು, ಕಾರ್ಬನ್ನಿನಲ್ಲಿ ವಿದ್ಯುತ್ತು ಹರಿಯುತ್ತದೆ. ಗುಡುಗು ಕೇಳಿಸಿದರೆ ಕೋಲನ್ನು ಕೆಳಗಿಟ್ಟು ಕಾರಿನೊಳಕ್ಕೆ ಹೋಗಬೇಕು; ವಿದ್ಯುತ್ ತಂತಿಯ ಕೆಳಗೆ ಬೀಸಲೇಬಾರದು. ಇದನ್ನು ಕೋಲು ಕೊಡುವ ದಿನವೇ ಹುಡುಗನಿಗೆ ಹೇಳಿ.

ಟೆಕ್ಸಾಸಿನಲ್ಲಿ 17 ತುಂಬದವರಿಗೆ ಪರವಾನಗಿ ಬೇಡ, ಅಜ್ಜನಿಗೆ ಬೇಕು. ರಾಜ್ಯದ ಉದ್ಯಾನಗಳಲ್ಲಿ ದಡದ ಮೇಲೆ ನಿಂತು ಗಾಳ ಹಾಕುವುದಾದರೆ ಅವರಿಗೂ ಬೇಡ.