ಜಗದ್ಗುರುಗಳ ಮಾತು ಎದೆಗೆ ಒಗ್ಗದಿದ್ದಾಗ

ಸೂಳೆಕೆರೆಯ ಆಸುಪಾಸಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಾಗಲಿ, ಅತ್ತ ಜಗಳೂರಿನಲ್ಲಾಗಲಿ ಕಥೋಲಿಕರ ಸಂಖ್ಯೆ ದೊಡ್ಡದಲ್ಲ. 1988ರಲ್ಲಿ ರೂಪುಗೊಂಡ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಇವರಿಗೆ ಹತ್ತಿರದ ದೊಡ್ಡ ಯಾತ್ರಾಸ್ಥಳ ಹರಿಹರದ ಆರೋಗ್ಯ ಮಾತೆಯ ಬೆಸಿಲಿಕ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ. 2024ರಲ್ಲಿ ಆ ಹಬ್ಬ ಮುಗಿದು ಐದೇ ದಿನಕ್ಕೆ, ಸಿಂಗಪುರದಲ್ಲಿ ಬೇರೆ ಬೇರೆ ಧರ್ಮಗಳ ಯುವಜನರ ಮುಂದೆ ಕಥೋಲಿಕರ ಜಗದ್ಗುರು ಪೋಪ್ ಫ್ರಾನ್ಸಿಸ್, ಸಿದ್ಧಪಡಿಸಿದ್ದ ಭಾಷಣವನ್ನು ಬದಿಗಿಟ್ಟು, ಎಲ್ಲ ಧರ್ಮಗಳೂ ದೇವರನ್ನು ತಲುಪುವ ದಾರಿಗಳು, ಅವು ಬೇರೆ ಬೇರೆ ಭಾಷೆಗಳಿದ್ದಂತೆ ಎಂಬ ಅರ್ಥದ ಮಾತಾಡಿದರು. ನಮ್ಮ ನೆಲಕ್ಕೆ ಇದು ಹೊಸ ಮಾತೇನಲ್ಲ, ಹಿತವಾದ ಮಾತೇ. ಆದರೆ ಕ್ರಿಸ್ತನೊಬ್ಬನಿಂದಲೇ ರಕ್ಷಣೆ ಎಂದು ಚಿಕ್ಕಂದಿನಿಂದ ಧರ್ಮೋಪದೇಶದಲ್ಲಿ ಕಲಿತ ಕಥೋಲಿಕನಿಗೆ ಅದು ನುಂಗಲಾಗದ, ಉಗುಳಲಾಗದ ತುತ್ತಾಯಿತು. 2000ದಲ್ಲಿ ಎರಡನೇ ಜಾನ್ ಪಾಲರ ಒಪ್ಪಿಗೆಯೊಂದಿಗೆ ರೋಮ್ ಹೊರಡಿಸಿದ ‘ದೊಮಿನುಸ್ ಯೇಸುಸ್’ ಘೋಷಣೆ, ಒಂದು ಧರ್ಮ ಇನ್ನೊಂದರಷ್ಟೇ ಸರಿ ಎಂಬ ನಿಲುವನ್ನು ಸ್ಪಷ್ಟವಾಗಿ ತಳ್ಳಿಹಾಕಿತ್ತು. ಹಾಗಾದರೆ ಯಾವ ಪೋಪರ ಮಾತು ಹಿಡಿಯಬೇಕು?

ಹೀಗೆ ಕೇಳುವವನನ್ನು ಶ್ರದ್ಧೆ ಸಡಿಲಿದವನೆಂದು ನೋಡುವುದು ತಪ್ಪು. ಶ್ರದ್ಧೆ ಇರುವುದರಿಂದಲೇ ಅವನಿಗೆ ಈ ಸಂಕಟ. ಇಲ್ಲದವನಿಗೆ ಪೋಪರು ಏನು ಹೇಳಿದರೂ ಒಂದೇ. ಪೋಪರ ಬಾಯಿಂದ ಬಂದದ್ದೆಲ್ಲ ಒಂದೇ ತೂಕದ್ದೆಂದು ಧರ್ಮಸಭೆಯೂ ಎಂದೂ ಹೇಳಿಲ್ಲ. 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ಪೋಪರು ತಪ್ಪಲಾರರೆಂದು ಸಾರಿದ್ದು ನಿಜ. ಆದರೆ ವಿಶ್ವಾಸ ಅಥವಾ ನೀತಿಯ ವಿಷಯದಲ್ಲಿ, ಇಡೀ ಧರ್ಮಸಭೆಯನ್ನು ಬದ್ಧಗೊಳಿಸುವಂತೆ, ಪೀಠದಿಂದ ವಿಧಿವತ್ತಾಗಿ ಘೋಷಿಸಿದಾಗ ಮಾತ್ರ ಎಂಬ ಬಿಗಿಯಾದ ಷರತ್ತನ್ನೂ ಅದೇ ಮಹಾಸಭೆ ಹಾಕಿತು. ಅದಾದ ಮೇಲೆ ಆ ಅಧಿಕಾರವನ್ನು ನಿಸ್ಸಂದೇಹವಾಗಿ ಬಳಸಿದ್ದು ಒಂದೇ ಸಲ: 1950ರಲ್ಲಿ ಹನ್ನೆರಡನೇ ಪಯಸ್ ಅವರು ಮರಿಯಮ್ಮನವರ ಸ್ವರ್ಗಾರೋಹಣವನ್ನು ಸಾರಿದಾಗ. ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರ, ಯುವಜನರ ಮುಂದೆ ಪೂರ್ವಸಿದ್ಧತೆಯಿಲ್ಲದೆ ಆಡಿದ ಆಪ್ತ ಮಾತು, ವಿಶ್ವಪತ್ರ, ವಿಧಿವತ್ತಾದ ಘೋಷಣೆ ಇವೆಲ್ಲ ಬೇರೆ ಬೇರೆ ಮೆಟ್ಟಿಲಿನವು. ಮೊಬೈಲಿಗೆ ಬರುವ ಎರಡು ಸಾಲಿನ ಸುದ್ದಿಯಲ್ಲಿ ಈ ಮೆಟ್ಟಿಲುಗಳೇ ಅಳಿಸಿಹೋಗಿರುತ್ತವೆ. ಜನರ ತಳಮಳಕ್ಕೆ ಅರ್ಧ ಕಾರಣ ಅಲ್ಲಿದೆ.

ಉಳಿದರ್ಧ ಅಷ್ಟು ಸುಲಭದ್ದಲ್ಲ, ಏಕೆಂದರೆ ಗಲಿಬಿಲಿ ಹುಟ್ಟಿಸಿದ ಮಾತುಗಳಲ್ಲಿ ಕೆಲವು ಅಧಿಕೃತ ದಾಖಲೆಗಳಲ್ಲೇ ಇವೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಹೊರಡಿಸಿದ ‘ಅಮೋರಿಸ್ ಲೆತೀತ್ಸಿಯ’ದ ಎಂಟನೇ ಅಧ್ಯಾಯದ 351ನೇ ಅಡಿಟಿಪ್ಪಣಿಯನ್ನೇ ನೋಡಿ. ಸಭೆಯ ನಿಯಮಕ್ಕೆ ಹೊಂದದ ಸ್ಥಿತಿಯಲ್ಲಿ ಬದುಕುತ್ತಿರುವವರಿಗೆ ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ ನೆರವೂ ದೊರೆಯಬಹುದು ಎಂದು ಅದು ಹೇಳಿತು. ವಿಚ್ಛೇದನ ಪಡೆದು ಮರುಮದುವೆಯಾದವರು ಪರಮಪ್ರಸಾದ ಸ್ವೀಕರಿಸಬಹುದೇ ಎಂಬ ಎಷ್ಟೋ ಮನೆಗಳ ಕಣ್ಣೀರಿನ ಪ್ರಶ್ನೆ ಒಂದು ಅಡಿಟಿಪ್ಪಣಿಯಲ್ಲಿ ನೇತಾಡತೊಡಗಿತು. ಬರ್ಕ್, ಬ್ರಾಂಡ್‌ಮ್ಯುಲ್ಲರ್, ಕಫಾರ್ರ, ಮೈಸ್ನರ್ ಎಂಬ ನಾಲ್ವರು ಕಾರ್ಡಿನಲರು ಐದು ಪ್ರಶ್ನೆ ಬರೆದು ಸ್ಪಷ್ಟನೆ ಕೇಳಿದರು. ಪೋಪರಿಂದ ಅವರಿಗೆ ನೇರ ಉತ್ತರ ಬರಲಿಲ್ಲ. ಮರುವರ್ಷವೇ ಇಬ್ಬರು ತೀರಿಕೊಂಡರು. ಅವರ ನಿಲುವನ್ನು ಒಪ್ಪದವರಿಗೂ ಆ ಮೌನ ಸರಿಯೆನಿಸಬಾರದು. ಕಾರ್ಡಿನಲರಿಗೇ ಉತ್ತರವಿಲ್ಲವೆಂದರೆ ಹಳ್ಳಿಯ ವಿಶ್ವಾಸಿ ಯಾರನ್ನು ಕೇಳಬೇಕು?

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿ ಯುರೋಪಿಗೆ ಹೋಗಬೇಕಿಲ್ಲ, ಅದು ಕರಾವಳಿಯಲ್ಲೇ ಇದೆ. 1886ರಲ್ಲಿ ಪೋಪ್ ಹದಿಮೂರನೇ ಲಿಯೋ ಪೋರ್ಚುಗಲ್ ಜೊತೆ ಮಾಡಿಕೊಂಡ ಒಪ್ಪಂದದ ಬೆನ್ನಿಗೆ, ಗೋವೆಯ ಅಧೀನದಲ್ಲಿದ್ದ ಕೆನರಾದ ಚರ್ಚುಗಳು ಮಂಗಳೂರಿನ ಕೈಗೆ ಹೋದವು. ತಲೆಮಾರುಗಳಿಂದ ಗೋವೆಯ ಜೊತೆ ಬೆಸೆದುಕೊಂಡಿದ್ದ ಬ್ರಹ್ಮಾವರ, ಕಲ್ಯಾಣಪುರದ ಹಲವು ಕುಟುಂಬಗಳಿಗೆ ಇದು ಸಹಿಸಲಾಗಲಿಲ್ಲ. ಅವರು ತಮ್ಮ ಗುರುಗಳಾಗಿದ್ದ ಫಾದರ್ ನೊರೊನ್ಹಾ ಅವರ ಜೊತೆ ನಿಂತು, 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಪರಂಪರೆಯ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಹಿಂದೆ ಹೋದರು. ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯ ಹುಟ್ಟಿದ್ದು ಹೀಗೆ. ರೋಮಿನಿಂದ ಕಡಿದುಕೊಂಡ ಮೇಲೂ ಅವರು ಬಿಡದೆ ಉಳಿಸಿಕೊಂಡದ್ದು ಲ್ಯಾಟಿನ್ ಸಂಪ್ರದಾಯದ ಪೂಜಾವಿಧಿಯನ್ನು. ಅಂಥವರನ್ನು ದ್ರೋಹಿಗಳೆನ್ನಲು ನನಗೆ ಮನಸ್ಸು ಬಾರದು.

ಇದಕ್ಕೂ ಕೆಲವೇ ವರ್ಷ ಮೊದಲು, ಅದೇ ಕರಾವಳಿಯಲ್ಲಿ ಇನ್ನೊಂದು ಬಗೆಯೂ ನಡೆದಿತ್ತು. ಕಾರ್ಮೆಲೈಟ್ ಮಿಷನರಿಗಳ ಆಡಳಿತದ ಬಗ್ಗೆ ಅಸಮಾಧಾನಗೊಂಡ, ಮಕ್ಕಳಿಗೆ ಉನ್ನತ ಶಿಕ್ಷಣ ಬೇಕೆಂದ ಮಂಗಳೂರಿನ ಕಥೋಲಿಕರು ಯೇಸುಸಭೆಯವರನ್ನು ಕಳಿಸಿಕೊಡಿ ಎಂದು ರೋಮಿಗೆ ಮನವಿ ಬರೆದರು. ರೋಮ್ ಕೇಳಿಸಿಕೊಂಡಿತು. 1878ರ ಡಿಸೆಂಬರ್ 31ರಂದು ಯೇಸುಸಭೆಯವರು ಬಂದಿಳಿದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಇವೆರಡೂ ಆಡಳಿತದ ತಕರಾರುಗಳು, ಬೋಧನೆಯವಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಪೀಠದ ತೀರ್ಮಾನಕ್ಕೂ ತನ್ನ ಅಂತಃಸಾಕ್ಷಿಗೂ ನಡುವೆ ಸಿಕ್ಕಿಕೊಂಡ ವಿಶ್ವಾಸಿಯ ಸಂಕಟ ಎರಡರಲ್ಲೂ ಒಂದೇ. ಮಾತಿಗೆ ಬಾಗಿಲು ತೆರೆದಿದ್ದ ಕಡೆ ಜನ ಉಳಿದರು.

ಎಲ್ಲರೂ ಪೋಪರ ಮಾತನ್ನು ತೂಗತೊಡಗಿದರೆ ಪೀಠಕ್ಕೆ ಬೆಲೆ ಏನು ಉಳಿಯಿತು ಎಂಬ ಆಕ್ಷೇಪ ಸಣ್ಣದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ ಪೋಪರ ಸಾಮಾನ್ಯ ಬೋಧನೆಗೂ ಮನಸ್ಸು ಬುದ್ಧಿಗಳ ವಿನಯವನ್ನು ಬೇಡುತ್ತದೆ. ವಿನಯವಿಲ್ಲದೆ, ತನಗೆ ಒಪ್ಪಿಗೆಯಾದ ಪೋಪರನ್ನು ಮಾತ್ರ ಪೋಪರೆನ್ನುವವನು ಪ್ರಶ್ನೆ ಕೇಳುತ್ತಿಲ್ಲ, ಹಟ ಹಿಡಿಯುತ್ತಿದ್ದಾನೆ. ಆದರೆ ವಿನಯಕ್ಕೂ ಬಾಯಿ ಮುಚ್ಚಿಕೊಂಡಿರುವುದಕ್ಕೂ ವ್ಯತ್ಯಾಸವಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 212ನೇ ವಿಧಿ, ಸಭೆಯ ಹಿತಕ್ಕೆ ಸಂಬಂಧಿಸಿದ ಅಭಿಪ್ರಾಯವನ್ನು ಗುರುಗಳಿಗೆ ಗೌರವದಿಂದ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎನ್ನುತ್ತದೆ. ಪೋಪರ ಮಾತನ್ನು ಪ್ರಶ್ನಿಸಿದ್ದು ಹೊಸದೂ ಅಲ್ಲ. ಪುಣ್ಯಾತ್ಮರು ಅಂತಿಮ ತೀರ್ಪಿನ ದಿನದವರೆಗೂ ದೇವರ ಪೂರ್ಣ ದರ್ಶನ ಪಡೆಯಲಾರರೆಂದು ಪೋಪ್ ಇಪ್ಪತ್ತೆರಡನೇ ಜಾನ್ 1331ರಿಂದ ಪ್ರವಚನಗಳಲ್ಲಿ ಹೇಳುತ್ತಿದ್ದರು. ಪ್ಯಾರಿಸಿನ ಪಂಡಿತರು ಎದುರಾದರು. 1334ರಲ್ಲಿ ಮರಣಶಯ್ಯೆಯಲ್ಲಿ ಅವರು ಆ ಮಾತನ್ನು ಹಿಂತೆಗೆದುಕೊಂಡರು, ಎರಡೇ ವರ್ಷದಲ್ಲಿ ಮುಂದಿನ ಪೋಪ್ ಹನ್ನೆರಡನೇ ಬೆನೆಡಿಕ್ಟ್ ಅದಕ್ಕೆ ವಿರುದ್ಧವಾದದ್ದನ್ನೇ ಸಿದ್ಧಾಂತವಾಗಿ ಸಾರಿದರು. ಪೀಠಕ್ಕೆ ಅದರಿಂದ ಕುಂದು ಬರಲಿಲ್ಲ. ನಮ್ಮ ಕಾಲದಲ್ಲೂ 2023ರ ಡಿಸೆಂಬರಿನಲ್ಲಿ ರೋಮಿನ ‘ಫಿದೂಚಿಯ ಸುಪ್ಪ್ಲಿಕಾನ್ಸ್’ ಘೋಷಣೆ ಸಲಿಂಗ ಜೋಡಿಗಳಿಗೂ ಆಶೀರ್ವಾದ ನೀಡಬಹುದೆಂದಾಗ, ಆಫ್ರಿಕದ ಧರ್ಮಾಧ್ಯಕ್ಷರು ಮರುತಿಂಗಳೇ ಕಾರ್ಡಿನಲ್ ಅಂಬೊಂಗೊ ಅವರ ಮೂಲಕ ತಮ್ಮಲ್ಲಿ ಇದು ನಡೆಯದೆಂದು ಹೇಳಿದರು. ಪೋಪರನ್ನು ಬಿಡಲಿಲ್ಲ, ಪೋಪರೂ ಅವರನ್ನು ಬಿಡಲಿಲ್ಲ.

ಓದು ಕಡಿಮೆಯಿರುವ ಜನರಿಗೆ ದೇವಶಾಸ್ತ್ರ ಏಕೆ ಎಂದು ಕೇಳುವವರೂ ಇದ್ದಾರೆ. ನಾಲ್ಕನೇ ಶತಮಾನದಲ್ಲಿ ಎಷ್ಟೋ ಧರ್ಮಾಧ್ಯಕ್ಷರು, ಕ್ರಿಸ್ತ ಪೂರ್ಣ ದೇವರಲ್ಲ ಎಂಬ ಏರಿಯಸನ ವಾದದ ಕಡೆ ವಾಲಿದಾಗ ಕ್ರಿಸ್ತನ ದೈವತ್ವದ ನಂಬಿಕೆಯನ್ನು ಹಿಡಿದು ನಿಂತದ್ದು ಸಾಮಾನ್ಯ ಜನ ಎಂದು ದೇವಶಾಸ್ತ್ರಜ್ಞ ಜಾನ್ ಹೆನ್ರಿ ನ್ಯೂಮನ್ 1859ರಲ್ಲೇ ತೋರಿಸಿಕೊಟ್ಟಿದ್ದರು. ಮೊನ್ನೆಮೊನ್ನೆಯ ಧರ್ಮಾಧ್ಯಕ್ಷರ ಸಿನೊಡ್‌ಗೂ 2021ರಿಂದ ಧರ್ಮಕೇಂದ್ರಗಳ ಮಟ್ಟದಲ್ಲೇ ಜನರ ಮಾತು ಕೇಳಲಾಯಿತು. ಹಾಗೆ ಕೇಳಿದ ಮೇಲೆ, ಉತ್ತರವನ್ನು ಜನರ ಭಾಷೆಯಲ್ಲಿ ಕೊಡುವ ಹೊಣೆಯೂ ಇದೆ. ರೋಮಿನಿಂದ ವಿವಾದದ ದಾಖಲೆ ಬಂದಾಗ ಅದರ ಪೂರ್ಣ ಸಾರ, ಅದು ಯಾವ ಮೆಟ್ಟಿಲಿನ ಮಾತು, ಹಿಂದಿನ ಬೋಧನೆಯಲ್ಲಿ ಯಾವುದು ಬದಲಾಗಿದೆ, ಯಾವುದು ಇಲ್ಲ ಎಂಬುದು ಕನ್ನಡದಲ್ಲಿ ಕೆಲವೇ ದಿನಗಳಲ್ಲಿ ಧರ್ಮಕೇಂದ್ರಗಳಿಗೆ ತಲುಪಬೇಕು. ಭಾನುವಾರದ ಬಲಿಪೂಜೆಯ ನಂತರ ಗುರುಗಳು ಅರ್ಧ ಗಂಟೆ ಕುಳಿತು ಪ್ರಶ್ನೆ ಕೇಳಿಸಿಕೊಳ್ಳಬೇಕು, ಗೊತ್ತಿಲ್ಲದ್ದನ್ನು ಧರ್ಮಾಧ್ಯಕ್ಷರಿಗೆ ಬರೆದು ತಿಳಿದು ಹೇಳಬೇಕು. ಹರಿಹರದ ಹಬ್ಬಕ್ಕೆ ಮುನ್ನ ನಡೆಯುವ ನವೇನದ ಪ್ರಬೋಧನೆಗಳಲ್ಲಿ ಒಂದು ದಿನವನ್ನು ಇದಕ್ಕೇ ಮೀಸಲಿಡಬಹುದು. ಸಿಂಗಪುರದ ಮಾತಿನಿಂದಲೇ ಆರಂಭಿಸಲಿ. ಆ ಅಂಗಳಕ್ಕೆ ಹರಕೆ ಹೊತ್ತು ಬರುವ ಅನ್ಯಧರ್ಮೀಯರೂ ಕೂತು ಕೇಳಬಹುದಾದ ವಿಷಯ ಅದು.